ಸೇಡಂ ಹಳಿಯ ಮೇಲೆ ತಂತಿಯೂ ತರಂಗವೂ

ಮುಧೋಳದ ಕಡೆಯವರು ಸೇಡಂ ನಿಲ್ದಾಣದಲ್ಲಿ ಹೈದರಾಬಾದಿನ ಗಾಡಿಗೆ ಕಾಯುತ್ತಾ ನೋಡುವ ಹಳಿ, ತಂತಿಯ ಕೆಲಸವನ್ನೂ ಮಾಡಬಲ್ಲದು. ಹಲವು ಕಡೆ ಜೋಡಿ ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿಸಿರುತ್ತಾರೆ. ಗಾಡಿ ಬಂತೆಂದರೆ ಅದರ ಗಾಲಿ, ಅಚ್ಚು ಎರಡೂ ಹಳಿಗಳನ್ನು ಬೆಸೆದುಬಿಡುತ್ತವೆ. ಹಳಿಯ ಆಚೆ ತುದಿಯಲ್ಲಿರುವ ರಿಲೇ ಎಂಬ ಸ್ವಿಚ್ಚಿಗೆ ವಿದ್ಯುತ್ ಮುಟ್ಟುವುದಿಲ್ಲ, ಸಿಗ್ನಲ್ ಕೆಂಪಾಗುತ್ತದೆ. ಕೇಬಲ್ ಕಡಿದರೂ ಕೆಂಪೇ. ತಂತಿ ತಾನು ಸತ್ತದ್ದನ್ನೂ ತಾನೇ ಹೇಳುತ್ತದೆ. ನನಗೆ ತಂತಿಯ ಮೇಲೆ ಗೌರವ ಇರುವುದು ಇದಕ್ಕೇ.

ಆದರೆ ಓಡುವ ಎಂಜಿನ್ನಿಗೆ ತಂತಿ ಕಟ್ಟಲಾಗದು. ಲೋಕೊ ಪೈಲಟ್ ಕಣ್ಣಿಟ್ಟು ಸಿಗ್ನಲ್ ನೋಡಬೇಕು. ಜಡಿಮಳೆಯಲ್ಲಿ ಅದು ತಪ್ಪಿದರೆ? ಇದಕ್ಕೆ ಉತ್ತರವಾಗಿ ಬಂದದ್ದು ಗಾಡಿಯನ್ನು ತಾನಾಗಿ ತಡೆಯುವ 'ಕವಚ್' ವ್ಯವಸ್ಥೆ. ಪ್ರಯಾಣಿಕರ ಗಾಡಿಗಳಲ್ಲಿ ಅದರ ಪರೀಕ್ಷೆ 2016ರ ಫೆಬ್ರವರಿಯಲ್ಲಿ ಶುರುವಾದದ್ದು ನಮ್ಮ ದಾರಿಯಲ್ಲೇ: ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್, ಒಟ್ಟು 250 ಕಿ.ಮೀ. ಸೇಡಂ, ಚಿತ್ತಾಪುರ ಎರಡೂ ಇದೇ ಮಾರ್ಗದ ನಿಲ್ದಾಣಗಳು.

ಕವಚ್‌ಗಾಗಿ ಹಳಿಯ ಸ್ಲೀಪರುಗಳ ಮೇಲೆ ಪುಟ್ಟ ಟ್ಯಾಗುಗಳನ್ನು ಕೂರಿಸುತ್ತಾರೆ. ಅವಕ್ಕೆ ಬ್ಯಾಟರಿ ಇಲ್ಲ. ಮೇಲೆ ಹಾಯುವ ಎಂಜಿನ್ ಬೀರುವ ರೇಡಿಯೊ ಅಲೆಯ ಶಕ್ತಿಯಿಂದಲೇ ಎಚ್ಚೆತ್ತು ತಮ್ಮ ಗುರುತು ಹೇಳುತ್ತವೆ; ತಾನೆಲ್ಲಿದ್ದೇನೆಂದು ಎಂಜಿನ್ನಿಗೆ ಗೊತ್ತಾಗುತ್ತದೆ. ಮುಂದಿನ ಸಿಗ್ನಲ್ ಯಾವ ಬಣ್ಣ ಎಂಬುದನ್ನು ನಿಲ್ದಾಣದ ಟವರ್ ರೇಡಿಯೊದಲ್ಲಿ ತಿಳಿಸುತ್ತದೆ. ಕೆಂಪಿದ್ದೂ ಚಾಲಕ ಬ್ರೇಕ್ ಹಾಕದಿದ್ದರೆ ಯಂತ್ರವೇ ಹಾಕುತ್ತದೆ. ಗಾಳಿಯ ಮಾತು ಕಡಿದದ್ದು ತಿಳಿಯಲು ಉಪಾಯ ಬೇಕಲ್ಲ: ಸಂದೇಶ ಪದೇ ಪದೇ ಬರುತ್ತಿರಬೇಕು, ಗೊತ್ತುಮಾಡಿದ ಹೊತ್ತಿನೊಳಗೆ ಬಾರದಿದ್ದರೆ ಕೊಂಡಿ ಕಳಚಿತೆಂದೇ ಲೆಕ್ಕ.

ಆ ಟವರಿಗೆ ಸಿಗ್ನಲ್ಲಿನ ಬಣ್ಣ ತಿಳಿಯುವುದು ಮಾತ್ರ ಕೇಬಲ್ಲಿನಿಂದ. ನಿಲ್ದಾಣ ನಿಲ್ದಾಣಗಳ ನಡುವೆ ಆಪ್ಟಿಕಲ್ ಫೈಬರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡಿದರೆ, ಗಾಳಿಯಲ್ಲಿ ರೇಡಿಯೊ 3 ಲಕ್ಷ. ವೇಗದಲ್ಲಿ ಗಾಳಿಯೇ ಮುಂದು! ಆದರೂ ಹೆಚ್ಚು ಮಾಹಿತಿ ಹೊರುವುದು ಫೈಬರ್. ಅದರೊಳಗಿನ ದಾರಿ ಅದೊಂದರದೇ. ಗಾಳಿಯಲ್ಲೋ ಸಂತೆಯ ಗದ್ದಲ, ಇರುವಷ್ಟು ತರಂಗಾಂತರವನ್ನು ಎಲ್ಲರೂ ಹಂಚಿಕೊಳ್ಳಬೇಕು.

ತಂತಿ-ತರಂಗಗಳ ಈ ಕಥೆ ಮನೆಯೊಳಗೂ ಇದೆ. ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ವೈಫೈ ಒಳಕೋಣೆಗೆ ಹೋಗುವಷ್ಟರಲ್ಲಿ ಸೊರಗುತ್ತದೆ. 5 ಗಿಗಾಹರ್ಟ್ಸ್ ಅಲೆ 2.4ರದ್ದಕ್ಕಿಂತ ಬೇಗ ಸೋಲುತ್ತದೆ. ಅಲ್ಲೂ ರೈಲಿನವರು ಮಾಡಿದ್ದನ್ನೇ ಮಾಡಬಹುದು: ಒಳಕೋಣೆಯವರೆಗೆ ಒಂದು ಕೇಬಲ್ ಎಳೆದು, ಅಲ್ಲಿಂದ ಕೈಯ ಫೋನಿಗಷ್ಟೇ ವೈಫೈ.