ಕಿವಿಯ ಮೆತ್ತೆಯ ಮಹಿಮೆ

ರಾಮನಗರ, ಚನ್ನಪಟ್ಟಣಗಳಿಂದ ರೈಲಿನಲ್ಲಿಯೂ, ಕನಕಪುರ, ಮಾಗಡಿಗಳಿಂದ ಬಸ್ಸಿನಲ್ಲಿಯೂ ನಿತ್ಯ ಬೆಂಗಳೂರಿಗೆ ಹೋಗಿಬರುವವರಲ್ಲಿ ಹೆಡ್‌ಫೋನು ಧರಿಸಿದವರು ಈಗ ಅಪರೂಪವಲ್ಲ. ಹಿಂದೆ ಕ್ರಿಸ್ಟಲ್ ರೇಡಿಯೋ ಕೇಳುತ್ತಿದ್ದವರ ಕಿವಿಗೆ ಗಟ್ಟಿ ಬಿಲ್ಲೆಗಳೇ ಒತ್ತುತ್ತಿದ್ದುವು. ಇಂದು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನುಗಳಿಗೆ ಸ್ಪಂಜಿನ ಮೆತ್ತೆಯುಂಟು. ಆದರೆ ಅದು ಕೇವಲ ಸುಖಕ್ಕಾಗಿ ಅಲ್ಲ.

ಮೆತ್ತೆ ಕಿವಿಯ ಸುತ್ತ ಸರಿಯಾಗಿ ಕುಳಿತರೆ ಮೃದಂಗದ ಎಡಮುಖದ ಗಂಭೀರ ನಾದ ಪೂರ್ಣವಾಗಿ ಕೇಳಿಸುವುದು. ಕನ್ನಡಕದ ಕಡ್ಡಿಯಿಂದಲೋ ಸವೆತದಿಂದಲೋ ಸಂದು ಬಿದ್ದರೆ ಮೊದಲು ಸೋರಿಹೋಗುವುದು ಆ ನಾದವೇ. ಅದೇ ಸಂದಿನಿಂದ ಹೊರಗಿನ ಗದ್ದಲವೂ ಒಳನುಗ್ಗುತ್ತದೆ. ಆಗ ಕೇಳುಗರು ಧ್ವನಿಯನ್ನು ಏರಿಸುತ್ತಾರೆ. ಅಪಾಯವಿರುವುದು ಅಲ್ಲಿಯೇ! ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು; 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ.

ಚರ್ಮದಂಥ ಹೊದಿಕೆ ಗದ್ದಲವನ್ನು ಚೆನ್ನಾಗಿ ತಡೆಯುವುದಾದರೂ ಬೇಸಿಗೆಯಲ್ಲಿ ಬೆವರಿಳಿಸುತ್ತದೆ. ಮಖಮಲ್ಲು ಹಿತ, ಆದರೆ ಸದ್ದನ್ನು ಸೋರಲು ಬಿಡುತ್ತದೆ. ಪಟ್ಟಿಯ ಬಿಗಿ ಹೆಚ್ಚಾದರೆ ತಲೆನೋವು, ಕಡಿಮೆಯಾದರೆ ಮತ್ತೆ ಸಂದು. ಆದುದರಿಂದ ಕೊಳ್ಳುವ ಮುನ್ನ, ಕನ್ನಡಕದೊಡನೆಯೇ, ಕೆಲಹೊತ್ತು ಧರಿಸಿ ನೋಡುವುದು ಲೇಸು. ಮೆತ್ತೆ ಸಿಪ್ಪೆಯೆದ್ದರೆ ಬದಲಾಯಿಸಲು ಜಿಪುಣತನ ಬೇಡ. ಸವೆದ ಮೆತ್ತೆಗೆ ಬದಲಿ ಉಂಟು. ಗದ್ದಲದಿಂದ ಕೆಟ್ಟ ಕಿವಿಗೆ ಇಲ್ಲ.