ಆ್ಯಪ್ ಡಿಲೀಟ್ ಮಾಡಿದ್ರೂ ದುಡ್ಡು ಹೋಗೋದ್ಯಾಕೆ?

ಒಂದು ರೂಪಾಯಿಗೆ ಟ್ರಯಲ್ ಅಂತ ಯಾವುದೋ ಆ್ಯಪ್ ಹಾಕ್ಕೊಂಡಿರ್ತೀರಿ, ಎರಡು ದಿನ ನೋಡಿ ಡಿಲೀಟ್ ಮಾಡ್ತೀರಿ. ಮುಂದಿನ ತಿಂಗಳು ನೋಡಿದ್ರೆ ಖಾತೆಯಿಂದ ಹಣ ಹೋಗಿರುತ್ತೆ! ಯಾಕಂದ್ರೆ ಆ ಒಂದು ರೂಪಾಯಿಗೆ ಯುಪಿಐ ಪಿನ್ ಒತ್ತಿದಾಗಲೇ ನೀವು ‘ಆಟೋಪೇ’ಗೂ ಒಪ್ಪಿಗೆ ಕೊಟ್ಟಿರ್ತೀರಿ. ಆ ಒಪ್ಪಿಗೆ ಇರೋದು ಬ್ಯಾಂಕಿನಲ್ಲಿ, ಆ್ಯಪ್‌ನಲ್ಲಲ್ಲ. ಸಾಮಾನ್ಯವಾಗಿ 15,000 ರೂಪಾಯಿವರೆಗೆ ಮತ್ತೆ ಪಿನ್ ಕೇಳೋದೂ ಇಲ್ಲ. ಆರ್‌ಬಿಐ ನಿಯಮದಂತೆ ಹಣ ಕಡಿತಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು. ಬರುತ್ತೆ ಕೂಡ, ಆದ್ರೆ ಆಫರ್ ಮೆಸೇಜುಗಳ ಸಂತೆಯಲ್ಲಿ ಅದನ್ನ ಓದೋರ್ಯಾರು? ಹಾಗಾಗಿ ಫೋನ್‌ಪೇನೋ ಗೂಗಲ್ ಪೇನೋ, ನೀವು ಬಳಸೋ ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಪಟ್ಟಿ ತೆರೆದು ಬೇಡದ್ದನ್ನ ಕ್ಯಾನ್ಸಲ್ ಮಾಡಿ. ಎಸ್‌ಐಪಿ, ವಿಮೆ ಕಂತು ಕೂಡ ಅಲ್ಲೇ ಇರಬಹುದು, ಅವನ್ನ ಮುಟ್ಟಬೇಡಿ ಮತ್ತೆ.