ಮೂತ್ರಮಾರ್ಗದ ಸೋಂಕು: ಸ್ತ್ರೀಯರಲ್ಲೇಕೆ ಹೆಚ್ಚು, ಮಧುಮೇಹಿಗಳಲ್ಲೇಕೆ ಹೆಚ್ಚು?

ಫರಂಗಿಪೇಟೆಯ ಮಗ್ಗುಲಲ್ಲಿ ಹರಿಯುವ ನೇತ್ರಾವತಿಯನ್ನು ಮಳೆಗಾಲದಲ್ಲಿಯೂ ಬೇಸಗೆಯಲ್ಲಿಯೂ ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಸೆಳವಿದ್ದಾಗ ನೀರು ಕಸವನ್ನು ಕೊಚ್ಚಿಕೊಂಡು ಹೋಗುತ್ತದೆ. ಅಂಚಿನ ಹೊಂಡಗಳಲ್ಲಿ ನಿಂತ ನೀರು ಪಾಚಿಗಟ್ಟುತ್ತದೆ. ನಮ್ಮ ಮೂತ್ರಮಾರ್ಗಕ್ಕೂ ಈ ನಿಯಮವೇ ಅನ್ವಯಿಸುತ್ತದೆ. ಹೊರಗೆ ಹರಿಯುವ ಮೂತ್ರವೇ ಆ ದಾರಿಯನ್ನು ತೊಳೆಯುತ್ತದೆ.

ಈ ಮಾರ್ಗದ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ‘ಎಷೆರಿಕಿಯ ಕೋಲೈ’ ಎಂಬ ಬ್ಯಾಕ್ಟೀರಿಯ. ತಿಯೊಡೋರ್ ಎಷೆರಿಕ್ ಎಂಬ ವೈದ್ಯನು 1885ರಲ್ಲಿ ವರ್ಣಿಸಿದ ಈ ಜೀವಿ ಕರುಳಿನ ಸಹಜ ನಿವಾಸಿ. ಮೂತ್ರಕೋಶಕ್ಕೆ ಏರಿದಾಗ ಶತ್ರುವಾಗುತ್ತದೆ. ಅದರ ಮೈಮೇಲಿನ ನವಿರಾದ ಎಳೆಗಳ ತುದಿಯಲ್ಲಿ ಅಂಟಿಕೊಳ್ಳುವ ಪ್ರೋಟೀನೊಂದಿದೆ. ಪ್ರವಾಹ ಎಳೆದಾಗ ಇದರ ಹಿಡಿತ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಮೀನು ಎಳೆದಷ್ಟೂ ಗಾಳ ನಾಟುವುದಿಲ್ಲವೇ? ಹಾಗೆ.

ಸ್ತ್ರೀಪುರುಷರ ಭೇದ ಮುಖ್ಯವಾಗಿ ಉದ್ದದ ಪ್ರಶ್ನೆ. ಪುರುಷನ ಮೂತ್ರನಾಳ ಸುಮಾರು 20 ಸೆಂಟಿಮೀಟರ್. ಸ್ತ್ರೀಯದು ಸುಮಾರು 4. ಅದರ ದ್ವಾರವು ಗುದದ್ವಾರಕ್ಕೆ ಸಮೀಪವೂ ಆಗಿದೆ. ಆದುದರಿಂದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕಿಗೆ ಒಳಗಾಗುತ್ತಾರೆ. ಮುಟ್ಟು ನಿಂತ ಬಳಿಕ ಈಸ್ಟ್ರೊಜೆನ್ ಕುಗ್ಗಿ, ಯೋನಿಯ ರಕ್ಷಕ ಬ್ಯಾಕ್ಟೀರಿಯಗಳೂ ಕಡಿಮೆಯಾಗುತ್ತವೆ. ಮುಪ್ಪಿನಲ್ಲಿ ಪುರುಷನಿಗೂ ಅಪಾಯ ಹೆಚ್ಚುತ್ತದೆ. ಊದಿಕೊಂಡ ಪ್ರಾಸ್ಟೇಟ್ ಗ್ರಂಥಿ ಹರಿವಿಗೆ ಅಡ್ಡವಾಗುತ್ತದೆ.

ಇನ್ನು ಮಧುಮೇಹ. ಮೂತ್ರದಲ್ಲಿ ಸಕ್ಕರೆಯಿದ್ದರೆ ಬ್ಯಾಕ್ಟೀರಿಯಗಳಿಗೆ ಹಬ್ಬವೆಂದು ಊಹಿಸುವುದು ಸಹಜ. ಆದರೆ ಸಕ್ಕರೆಯನ್ನು ಬೇಕೆಂದೇ ಮೂತ್ರಕ್ಕೆ ಹರಿಯಬಿಡುವ ಔಷಧಿಗಳು ಈಗ ಬಳಕೆಯಲ್ಲಿವೆ. ದೊಡ್ಡ ಪ್ರಯೋಗಗಳಲ್ಲಿ ಅವುಗಳಿಂದ ಜನನಾಂಗದ ಶಿಲೀಂಧ್ರ ಸೋಂಕು ಹೆಚ್ಚಿತು. ಬ್ಯಾಕ್ಟೀರಿಯ ಸೋಂಕು ಅಷ್ಟಾಗಿ ಹೆಚ್ಚಲಿಲ್ಲ. ಹಾಗಾದರೆ ದೋಷ ಬೇರೆಡೆಯೂ ಇರಬೇಕು. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳ ಕಾದಾಟದ ಶಕ್ತಿ ಕುಂದುತ್ತದೆ. ಬಹುಕಾಲದ ಮಧುಮೇಹವು ಮೂತ್ರಕೋಶದ ನರಗಳನ್ನು ಕೆಡಿಸುತ್ತದೆ. ಕೋಶ ಪೂರ್ಣವಾಗಿ ಬರಿದಾಗುವುದಿಲ್ಲ.

ಇದರ ಪರಿಣಾಮವನ್ನು ಲೆಕ್ಕಿಸೋಣ. ಬ್ಯಾಕ್ಟೀರಿಯ ಅರ್ಧ ಗಂಟೆಗೊಮ್ಮೆ ಇಮ್ಮಡಿಸುವುದೆಂದಿಟ್ಟುಕೊಂಡರೆ, ಒಂದು ಜೀವಿ ಐದು ಗಂಟೆಗಳಲ್ಲಿ 1024 ಆಗುತ್ತದೆ. ಕೋಶದಲ್ಲಿ ಕಾಲು ಪಾಲು ಮೂತ್ರ ಉಳಿದರೆ ಮುಂದಿನ ಲೆಕ್ಕ ಒಂದರಿಂದಲ್ಲ, 256ರಿಂದ ಆರಂಭವಾಗುತ್ತದೆ!

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಬಂಟ್ವಾಳದ ಕಡೆ ಗಂಟೆಗಟ್ಟಲೆ ಕುಳಿತು ಬೀಡಿ ಕಟ್ಟುವ ತಾಯಂದಿರೂ, ಶೌಚಾಲಯದ ಅನಾನುಕೂಲಕ್ಕೆ ಅಂಜಿ ನೀರನ್ನೇ ಕುಡಿಯದ ವಿದ್ಯಾರ್ಥಿನಿಯರೂ ಇದನ್ನು ಗಮನಿಸಬೇಕು. ಪದೇ ಪದೇ ಸೋಂಕು ತಗಲುತ್ತಿದ್ದ, ಕಡಿಮೆ ನೀರು ಕುಡಿಯುವ ಸ್ತ್ರೀಯರು ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದಾಗ ಸೋಂಕು ಸುಮಾರು ಅರ್ಧಕ್ಕಿಳಿಯಿತೆಂದು 2018ರ ಪ್ರಯೋಗವೊಂದು ತೋರಿಸಿತು. (ಹೃದಯ, ಮೂತ್ರಪಿಂಡಗಳ ರೋಗವಿರುವವರು ಮೊದಲು ವೈದ್ಯರನ್ನು ಕೇಳಬೇಕು.) ಉರಿಮೂತ್ರದೊಡನೆ ಚಳಿಜ್ವರವೂ ಬೆನ್ನುನೋವೂ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಆಗ ತಡಮಾಡಲಾಗದು. ನಾಚಿಕೆಯಿಂದ ಮುಚ್ಚಿಡುವ ರೋಗವಿದಲ್ಲ. ನೀರು ಕುಡಿಯುವ ಅನುಕೂಲ, ಶುಚಿಯಾದ ಶೌಚಾಲಯ, ಹದ್ದಿನಲ್ಲಿರುವ ಸಕ್ಕರೆ: ಇವು ಯಾವ ಔಷಧಿಗೂ ಕಡಿಮೆಯಲ್ಲ.